ಹಳೆ ಮದರ್‌ಬೋರ್ಡ್‌ನಿಂದ ಎನ್‌ವಿಎಂಇ ಬೂಟ್: ಬಯಾಸ್ ಮಾಡ್ ಮಾಡಿ ಫ್ಲ್ಯಾಶ್ ಮಾಡುವ ಸಮಗ್ರ ಮಾರ್ಗದರ್ಶಿ

ಹಳೆ ಕಂಪ್ಯೂಟರ್‌ನ ಪಿಸಿಐಇ ಸ್ಲಾಟಿಗೆ (ಹೆಚ್ಚುವರಿ ಕಾರ್ಡ್ ಕೂರಿಸುವ ಜಾಗ) ಒಂದು ಅಡಾಪ್ಟರ್ ಹಾಕಿ, ಅದರಲ್ಲಿ ಹೊಸ ಎನ್‌ವಿಎಂಇ ಎಸ್‌ಎಸ್‌ಡಿ (ಪಿಸಿಐಇ ಮೂಲಕ ಓಡುವ ವೇಗದ ಡ್ರೈವ್) ಕೂರಿಸುತ್ತೀರಿ. ವಿಂಡೋಸ್ 10 ಒಳಗೆ ಡ್ರೈವ್ ಕಾಣುತ್ತದೆ. ಫೈಲ್ ಕಾಪಿ ಆಗುತ್ತದೆ, ವೇಗವೂ ಚೆನ್ನಾಗಿದೆ. ಸರಿ, ಇದರಿಂದಲೇ ಬೂಟ್ ಮಾಡೋಣ ಅಂತ ಬಯಾಸ್‌ಗೆ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಬೋರ್ಡ್‌ನ ಪ್ರೋಗ್ರಾಂ) ಹೋದರೆ ಬೂಟ್ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ.

ಡ್ರೈವ್ ಕೆಟ್ಟಿಲ್ಲ, ಬೋರ್ಡೂ ಕೆಟ್ಟಿಲ್ಲ. ಎನ್‌ವಿಎಂಇಯ ಮೊದಲ ನಿಯಮಾವಳಿ ಪ್ರಕಟವಾದದ್ದು 2011ರಲ್ಲಿ. ಆ ಕಾಲದ ಬೋರ್ಡ್‌ಗಳ ಬಯಾಸ್‌ಗೆ ಸಾಟಾ (ಡಿಸ್ಕ್ ಜೋಡಿಸುವ ಹಳೆ ಬಗೆ) ಡ್ರೈವ್ ಜೊತೆ ಮಾತಾಡುವುದು ಗೊತ್ತು, ಎನ್‌ವಿಎಂಇ ಜೊತೆ ಮಾತಾಡುವುದು ಗೊತ್ತಿಲ್ಲ. ವಿಂಡೋಸ್ ಎದ್ದ ಮೇಲೆ ಅದರ ಸ್ವಂತ ಡ್ರೈವರ್ ಕೆಲಸ ಮಾಡುತ್ತದೆ, ಅದಕ್ಕೇ ಡ್ರೈವ್ ಕಾಣುತ್ತದೆ. ಆದರೆ ವಿಂಡೋಸ್ ಅನ್ನು ಎಬ್ಬಿಸಬೇಕಾದದ್ದು ಬಯಾಸ್ ತಾನೇ? ಅದರ ಬಳಿ ಆ ಡ್ರೈವರ್ ಇಲ್ಲ.

ಇಂದಿನ ಬಯಾಸ್ ಅಂದರೆ ಯುಇಎಫ್‌ಐ. ಅದು ಒಂದೇ ಗಟ್ಟಿ ಪ್ರೋಗ್ರಾಂ ಅಲ್ಲ. ಡಿಎಕ್ಸ್‌ಇ ಡ್ರೈವರ್ ಎಂಬ ನೂರಾರು ಚಿಕ್ಕ ತುಂಡುಗಳನ್ನು ಜೋಡಿಸಿಟ್ಟ ಪೆಟ್ಟಿಗೆ. ಕೀಬೋರ್ಡಿಗೆ ಒಂದು, ಯುಎಸ್‌ಬಿಗೆ ಒಂದು, ಸಾಟಾಗೆ ಒಂದು. ಆ ಪೆಟ್ಟಿಗೆಗೆ ಎನ್‌ವಿಎಂಇಯ ಒಂದು ತುಂಡು ಸೇರಿಸಿದರೆ ಸಾಕು. ಬಯಾಸ್ ಮಾಡ್ ಅಂದರೆ ಇಷ್ಟೇ. ತಿದ್ದಿದ್ದನ್ನು ಬೋರ್ಡ್‌ನ ಚಿಪ್‌ಗೆ ಬರೆಯುವುದೇ ಫ್ಲ್ಯಾಶ್ ಮಾಡುವುದು.

ಸೇರಿಸುವ ಕೆಲಸ ಹತ್ತು ನಿಮಿಷದ್ದು. ಆದರೆ ಎಡವಟ್ಟಾದರೆ ವಾಪಸ್ ಬರುವ ದಾರಿಯನ್ನು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಬೇಕು, ನಿಜವಾದ ಕೆಲಸ ಅದು. ಹಾಗಾಗಿ ಈ ಬರಹದಲ್ಲಿ ಬ್ಯಾಕಪ್ ಮತ್ತು ರಿಕವರಿ ಬಗ್ಗೆ ಜಾಸ್ತಿ ಬರೆದಿದ್ದೇನೆ. ಆ ಭಾಗ ಓದದೆ ಮುಂದೆ ಹಾರಬೇಡಿ.

ಮೊದಲು: ನಿಮಗೆ ಇದು ಬೇಕಾ?

ಇಂಟೆಲ್ 6, 7 ಮತ್ತು 8 ಸರಣಿಯ ಚಿಪ್‌ಸೆಟ್ (ಬೋರ್ಡ್‌ನ ಮುಖ್ಯ ನಿಯಂತ್ರಣ ಚಿಪ್) ಇರುವ ಬೋರ್ಡ್‌ಗಳಿಗೆ ಇದು ಹೇಳಿ ಮಾಡಿಸಿದ ಕೆಲಸ. ಎಚ್61, ಬಿ75, ಝೆಡ್68, ಝೆಡ್77, ಎಚ್87 ಇತ್ಯಾದಿ. 9 ಸರಣಿಯ ಹಲವು ಬೋರ್ಡ್‌ಗಳಿಗೆ ತಯಾರಕರೇ ಅಧಿಕೃತ ಅಪ್‌ಡೇಟ್‌ನಲ್ಲಿ ಎನ್‌ವಿಎಂಇ ಬೆಂಬಲ ಕೊಟ್ಟರು. ಆದ್ದರಿಂದ ಮೊದಲು ಬೋರ್ಡ್ ತಯಾರಕರ ಪುಟದಲ್ಲಿ ಕೊನೆಯ ಬಯಾಸ್ ಹುಡುಕಿ. ಅದರಲ್ಲೇ ಬೆಂಬಲ ಇದ್ದರೆ ಮಾಡ್ ಯಾಕೆ, ಅಲ್ವಾ?

ಬೋರ್ಡ್‌ನಲ್ಲಿ ಯುಇಎಫ್‌ಐ ಇರಲೇಬೇಕು. 6 ಸರಣಿಯ ಕೆಲವು ಬೋರ್ಡ್‌ಗಳು ಹಳೆ ಅವಾರ್ಡ್ ಬಯಾಸ್ ಇಟ್ಟುಕೊಂಡೇ ಬಂದವು. ಅವುಗಳಲ್ಲಿ ಡಿಎಕ್ಸ್‌ಇ ಎಂಬುದೇ ಇಲ್ಲ, ಸೇರಿಸಲು ಜಾಗವೇ ಇಲ್ಲ. ಅಂಥವರು ಕೊನೆಯಲ್ಲಿ ಹೇಳಿರುವ ಬೇರೆ ದಾರಿ ನೋಡಿ.

ಲ್ಯಾಪ್‌ಟಾಪ್ ಆದರೆ ನನ್ನ ಸಲಹೆ ಸ್ಪಷ್ಟ: ಕೈ ಹಾಕಬೇಡಿ. ಇಂಟೆಲ್‌ನ 4ನೇ ತಲೆಮಾರಿನಿಂದ ಬೂಟ್ ಗಾರ್ಡ್ ಎಂಬ ಕಾವಲು ಬಂತು. ಅದು ಚಾಲೂ ಇರುವ ಯಂತ್ರದಲ್ಲಿ ಬಯಾಸ್‌ನ ರಕ್ಷಿತ ಭಾಗ ಒಂದಿಷ್ಟು ಬದಲಾದರೂ ಕಂಪ್ಯೂಟರ್ ಏಳುವುದೇ ಇಲ್ಲ. ಅದರ ಕೀಲಿಯನ್ನು ಚಿಪ್‌ಸೆಟ್ ಒಳಗೇ ಶಾಶ್ವತವಾಗಿ ಸುಟ್ಟಿರುತ್ತಾರೆ, ತೆಗೆಯಲು ಬರುವುದಿಲ್ಲ. ಡೆಸ್ಕ್‌ಟಾಪ್‌ಗಾಗಿ ಬಿಡಿಯಾಗಿ ಮಾರುವ ಆ ಕಾಲದ ಬೋರ್ಡ್‌ಗಳಲ್ಲಿ ಈ ತೊಂದರೆ ಕಡಿಮೆ.

ಇನ್ನು ವೇಗದ ಲೆಕ್ಕ. ಇದನ್ನು ನೋಡದೆ ದುಡ್ಡು ಹಾಕಬೇಡಿ. ಪಿಸಿಐಇ 2.0ರಲ್ಲಿ ಒಂದು ಲೇನಿಗೆ (ಡೇಟಾ ಹರಿಯುವ ಒಂದು ದಾರಿಗೆ) ಸೆಕೆಂಡಿಗೆ 500 ಎಂಬಿ. 3.0ರಲ್ಲಿ ಸುಮಾರು 985 ಎಂಬಿ. ಎನ್‌ವಿಎಂಇ ಡ್ರೈವ್‌ಗಳು ಸಾಮಾನ್ಯವಾಗಿ 4 ಲೇನ್ ಬಳಸುತ್ತವೆ. 6 ಮತ್ತು 7 ಸರಣಿಯ ಚಿಪ್‌ಸೆಟ್‌ನಿಂದ ಬರುವ ಸ್ಲಾಟ್‌ಗಳೆಲ್ಲ 2.0. ಅಲ್ಲಿ 4 ಲೇನ್ ಸಿಕ್ಕರೆ ಸಿದ್ಧಾಂತದಲ್ಲಿ 2 ಜಿಬಿ, ನಿಜದಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ. ಆದರೂ ಸಾಟಾದ 550 ಎಂಬಿಗೆ ಹೋಲಿಸಿದರೆ ದೊಡ್ಡ ಜಿಗಿತ. ಪ್ರೊಸೆಸರ್‌ನಿಂದ ನೇರ ಬರುವ ಉದ್ದ ಸ್ಲಾಟ್ ಬೇರೆ ಕತೆ. ಇಂಟೆಲ್‌ನ 2ನೇ ತಲೆಮಾರಿನ ಸ್ಯಾಂಡಿ ಬ್ರಿಡ್ಜ್ ಪ್ರೊಸೆಸರ್ ಇದ್ದರೆ ಅದೂ 2.0, 3ನೇ ತಲೆಮಾರಿನ ಐವಿ ಬ್ರಿಡ್ಜ್ ಇದ್ದು ಬೋರ್ಡ್ ಒಪ್ಪಿದರೆ 3.0. ಗ್ರಾಫಿಕ್ಸ್ ಕಾರ್ಡ್ ಇಲ್ಲದವರಿಗೆ ಆ ಸ್ಲಾಟೇ ಅತ್ಯುತ್ತಮ ಜಾಗ.

ಬೋರ್ಡ್‌ನಲ್ಲಿ ಉಳಿದಿರುವುದು ಒಂದೇ ಲೇನಿನ ಪುಟ್ಟ ಸ್ಲಾಟ್ ಮಾತ್ರವಾ? ಆಗ 400 ಎಂಬಿ ಆಸುಪಾಸು ಸಿಗುತ್ತದೆ, ಅಂದರೆ ಸಾಟಾ 3ಕ್ಕಿಂತ ಕಡಿಮೆ. ಆದರೆ ಎಚ್61 ಬೋರ್ಡ್ ಇರುವವರು ಒಮ್ಮೆ ಯೋಚಿಸಿ. ಆ ಚಿಪ್‌ಸೆಟ್‌ನಲ್ಲಿ 6 ಗಿಗಾಬಿಟ್ ಸಾಟಾ ಇಲ್ಲವೇ ಇಲ್ಲ, ಇರುವುದು 3 ಗಿಗಾಬಿಟ್ ಮಾತ್ರ. ಅಲ್ಲಿ ಒಂದು ಲೇನ್ ಕೂಡ ಸಾಟಾಗಿಂತ ಮೇಲು.

ಕೊಳ್ಳುವಾಗ ಇನ್ನೊಂದು ಎಚ್ಚರ. ಎಂ.2 ಆಕಾರದಲ್ಲೇ ಸಾಟಾ ಎಸ್‌ಎಸ್‌ಡಿಗಳೂ ಇವೆ. ಪಿಸಿಐಇ ಅಡಾಪ್ಟರ್‌ನಲ್ಲಿ ಅವು ಕೆಲಸ ಮಾಡುವುದಿಲ್ಲ. ಪೆಟ್ಟಿಗೆಯ ಮೇಲೆ ಎನ್‌ವಿಎಂಇ ಎಂದು ಬರೆದಿರಬೇಕು. ಹೊಸ 4.0 ಡ್ರೈವ್ ತಂದರೂ ನಡೆಯುತ್ತದೆ, ಹಳೆ ಸ್ಲಾಟ್‌ನ ವೇಗಕ್ಕೆ ಇಳಿದು ಓಡುತ್ತದೆ.

ಫ್ಲ್ಯಾಶ್ ಮಾಡುವ ಮುಂಚೆಯೇ ಡ್ರೈವ್ ಅನ್ನು ಸ್ಲಾಟಿಗೆ ಹಾಕಿ ವಿಂಡೋಸ್ ಅಥವಾ ಲಿನಕ್ಸ್‌ನಲ್ಲಿ ಕಾಣುತ್ತದಾ ನೋಡಿ. ಅಲ್ಲೇ ಕಾಣದಿದ್ದರೆ ತೊಂದರೆ ಸ್ಲಾಟ್‌ನದು ಅಥವಾ ಅಡಾಪ್ಟರ್‌ನದು. ಬಯಾಸ್ ಮಾಡ್ ಅದನ್ನು ಸರಿ ಮಾಡುವುದಿಲ್ಲ.

ವಾಪಸ್ ಬರುವ ದಾರಿ

ಬಯಾಸ್ ಇರುವುದು ಎಂಟು ಕಾಲಿನ ಒಂದು ಪುಟ್ಟ ಫ್ಲ್ಯಾಶ್ ಚಿಪ್‌ನಲ್ಲಿ. ಅದರಲ್ಲಿ ತಪ್ಪು ಬರೆದರೆ ಪರದೆ ಕಪ್ಪು, ಏನೂ ಆಗದು. ಇದನ್ನೇ ಬ್ರಿಕ್ ಆಯಿತು ಅನ್ನುವುದು. ಆದರೆ ಚಿಪ್ ಸತ್ತಿರುವುದಿಲ್ಲ, ಅದರಲ್ಲಿನ ಬರಹ ಮಾತ್ರ ಕೆಟ್ಟಿರುತ್ತದೆ. ಸರಿಯಾದ ಬರಹ ನಿಮ್ಮ ಬಳಿ ಇದ್ದು, ಅದನ್ನು ಬರೆಯುವ ಸಾಧನವೂ ಇದ್ದರೆ ಬೋರ್ಡ್ ಮತ್ತೆ ಏಳುತ್ತದೆ.

ಹಾಗಾದರೆ ಈ ಮೂರರಲ್ಲಿ ಒಂದಾದರೂ ನಿಮ್ಮ ಬಳಿ ಇರಬೇಕು. ಇಲ್ಲದಿದ್ದರೆ ಮುಂದುವರಿಯಬೇಡಿ.

ಒಂದು, ಬೋರ್ಡ್‌ನಲ್ಲೇ ಇರುವ ರಕ್ಷಣೆ. ಏಸುಸ್‌ನ ಪಿ8ಝೆಡ್77-ವಿ ಕುಟುಂಬದ ಹಲವು ಬೋರ್ಡ್‌ಗಳಲ್ಲಿ ಯುಎಸ್‌ಬಿ ಬಯಾಸ್ ಫ್ಲ್ಯಾಶ್‌ಬ್ಯಾಕ್ ಇದೆ. ಬಯಾಸ್ ಪೂರ್ತಿ ಹಾಳಾಗಿದ್ದರೂ ಒಂದು ಬಟನ್ ಒತ್ತಿ ಪೆನ್‌ಡ್ರೈವ್‌ನಿಂದ ಹೊಸದು ಬರೆಯಬಹುದು. ಗಿಗಾಬೈಟ್‌ನ ಹಲವು ಬೋರ್ಡ್‌ಗಳಲ್ಲಿ ಡ್ಯುಯಲ್ ಬಯಾಸ್, ಅಂದರೆ ಎರಡನೇ ಚಿಪ್‌ನಲ್ಲಿ ಒಂದು ಪ್ರತಿ ಇರುತ್ತದೆ.

ಎರಡು, ಕಳಚಬಹುದಾದ ಚಿಪ್. ಕೆಲವು ಬೋರ್ಡ್‌ಗಳಲ್ಲಿ ಚಿಪ್ ಸಾಕೆಟ್‌ನಲ್ಲಿ ಕೂತಿರುತ್ತದೆ. ಅದೇ ಅಳತೆಯ ಇನ್ನೊಂದು ಚಿಪ್ ಕೊಂಡು, ಮಾಡ್ ಅನ್ನು ಅದಕ್ಕೆ ಬರೆದು, ಮೂಲ ಚಿಪ್ಪನ್ನು ಎತ್ತಿಡಬಹುದು. ನನಗೆ ಅತ್ಯಂತ ನೆಮ್ಮದಿ ಕೊಡುವ ದಾರಿ ಇದೇ. ಏನೇ ಆದರೂ ಹಳೆ ಚಿಪ್ ವಾಪಸ್ ಹಾಕಿದರೆ ಮುಗಿಯಿತು.

ಮೂರು, ಹೊರಗಿನ ಪ್ರೋಗ್ರಾಮರ್. ಸಿಎಚ್341ಎ ಎಂಬ ಚಿಕ್ಕ ಯುಎಸ್‌ಬಿ ಸಾಧನ ಮತ್ತು ಎಂಟು ಕಾಲಿನ ಕ್ಲಿಪ್. ಚಿಪ್ ಬೋರ್ಡಿಗೆ ಬೆಸುಗೆ ಆಗಿದ್ದರೆ ಕ್ಲಿಪ್ ಕಚ್ಚಿಸಿ ಅಲ್ಲಿಂದಲೇ ಓದಬಹುದು, ಬರೆಯಬಹುದು. ಆದರೆ ಒಂದು ವಿಷಯ ಗೊತ್ತಿರಲಿ. ಇದರ ಸಾಮಾನ್ಯ ಕಪ್ಪು ಬಣ್ಣದ ಮಾದರಿ ಚಿಪ್‌ಗೆ 3.3 ವೋಲ್ಟ್ ಕೊಟ್ಟರೂ ಡೇಟಾ ಕಾಲುಗಳಲ್ಲಿ 5 ವೋಲ್ಟ್ ಬಿಡುತ್ತದೆ. ಹಲವರು ಹಾಗೇ ಬಳಸಿ ಪಾರಾಗಿದ್ದಾರೆ, ಆದರೆ ಅದು ಚಿಪ್‌ನ ಮಿತಿಗಿಂತ ಹೆಚ್ಚು. 3.3 ವೋಲ್ಟ್‌ಗೆ ತಿದ್ದಿದ ಅಥವಾ ವೋಲ್ಟೇಜ್ ಆಯ್ಕೆ ಮಾಡಬಹುದಾದ ಮಾದರಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಹೊಸ ಕೆಲವು ಚಿಪ್‌ಗಳು 1.8 ವೋಲ್ಟ್‌ನವು. ಅವಕ್ಕೆ ಬೇರೆ ಅಡಾಪ್ಟರ್ ಬೇಕೇ ಬೇಕು.

ಈ ಕೆಲಸಕ್ಕೆ ಇನ್ನೊಂದು ಕಂಪ್ಯೂಟರ್ ಬೇಕು ಎಂಬುದನ್ನೂ ನೆನಪಿಡಿ. ಇರುವ ಒಂದೇ ಯಂತ್ರ ಕಪ್ಪಾದ ಮೇಲೆ ಪ್ರೋಗ್ರಾಮರ್ ಕೈಯಲ್ಲಿದ್ದೂ ಪ್ರಯೋಜನ ಇಲ್ಲ.

ಬ್ಯಾಕಪ್ ತೆಗೆಯುವುದು

ತಯಾರಕರ ಪುಟದಿಂದ ಇಳಿಸಿದ ಬಯಾಸ್ ಫೈಲ್ ಇದೆಯಲ್ಲ, ಅದೇ ಬ್ಯಾಕಪ್ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಅಲ್ಲ. ನಿಮ್ಮ ಚಿಪ್‌ನಲ್ಲಿ ನಿಮ್ಮ ಬೋರ್ಡಿಗೆ ಮಾತ್ರ ಸೇರಿದ ಸಂಗತಿಗಳು ಇರುತ್ತವೆ. ಸೀರಿಯಲ್ ನಂಬರ್, ಯುಯುಐಡಿ ಎಂಬ ಗುರುತು ಸಂಖ್ಯೆ, ಕೆಲವು ಬೋರ್ಡ್‌ಗಳಲ್ಲಿ ನೆಟ್‌ವರ್ಕ್‌ನ ಮ್ಯಾಕ್ ವಿಳಾಸ ಕೂಡ. ಇಳಿಸಿದ ಫೈಲನ್ನು ಪ್ರೋಗ್ರಾಮರ್‌ನಿಂದ ಇಡೀ ಚಿಪ್‌ಗೆ ಬರೆದರೆ ಇವೆಲ್ಲ ಅಳಿಸಿಹೋಗುತ್ತವೆ. ನೆಟ್‌ವರ್ಕ್ ನಿಂತುಹೋಗಬಹುದು. ಬೇರೆಯವರ ಬೋರ್ಡಿನಿಂದ ತೆಗೆದ ಪ್ರತಿ ಬರೆದರೆ ಅವರ ಮ್ಯಾಕ್ ವಿಳಾಸ ನಿಮ್ಮ ಯಂತ್ರಕ್ಕೆ ಬಂದು ಕೂರುತ್ತದೆ. ಹಾಗಾಗಿ ನಿಮ್ಮದೇ ಚಿಪ್‌ನಿಂದ ಓದಿದ ಪ್ರತಿಗೆ ಬದಲಿಯೇ ಇಲ್ಲ.

ಪ್ರೋಗ್ರಾಮರ್‌ನಿಂದ ಓದುವ ಕ್ರಮ ಹೀಗೆ. ಕಂಪ್ಯೂಟರ್ ಆಫ್ ಮಾಡಿ ಪವರ್ ಕೇಬಲ್ ಎಳೆಯಿರಿ. ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಉಳಿದ ಕರೆಂಟ್ ಹೋಗಲಿ. ಚಿಪ್ ಹುಡುಕಿ. ಮೇಲೆ ವಿನ್‌ಬಾಂಡ್ 25ಕ್ಯೂ64 ಅಂತಲೋ ಮ್ಯಾಕ್ರೋನಿಕ್ಸ್ 25ಎಲ್64 ಅಂತಲೋ ಬರೆದಿರುತ್ತದೆ. ಆ 64 ಎಂಬುದು ಮೆಗಾಬಿಟ್, ಅಂದರೆ 8 ಎಂಬಿ. 128 ಇದ್ದರೆ 16 ಎಂಬಿ. ಚಿಪ್‌ನ ಒಂದು ಮೂಲೆಯಲ್ಲಿ ಪುಟ್ಟ ಚುಕ್ಕೆ ಇರುತ್ತದೆ, ಅದು ಒಂದನೇ ಕಾಲು. ಕ್ಲಿಪ್‌ನ ಕೆಂಪು ತಂತಿ ಆ ಕಡೆಗೆ ಬರಬೇಕು. ಇದನ್ನು ಎರಡು ಸಲ ನೋಡಿ. ಉಲ್ಟಾ ಹಾಕಿದರೆ ಚಿಪ್ ಸುಡಬಹುದು.

ಈಗ ಆಸ್‌ಪ್ರೋಗ್ರಾಮರ್ ಅಥವಾ ಲಿನಕ್ಸ್‌ನ ಫ್ಲ್ಯಾಶ್‌ರಾಮ್ ತೆರೆದು ಚಿಪ್‌ನ ಗುರುತು ಓದಿಸಿ. ಹೆಸರು ಸರಿಯಾಗಿ ಬಂದರೆ ಪೂರ್ತಿ ಓದಿ ಒಂದು ಫೈಲಾಗಿ ಉಳಿಸಿ. ಕ್ಲಿಪ್ ಬಿಚ್ಚಿ, ಮತ್ತೆ ಹಾಕಿ, ಇನ್ನೊಂದು ಸಲ ಓದಿ. ಎರಡೂ ಫೈಲ್‌ಗಳ ಹ್ಯಾಶ್ (ಫೈಲಿನ ಒಳಗಿನ ಬರಹದಿಂದ ಲೆಕ್ಕ ಹಾಕುವ ಗುರುತು) ಒಂದೇ ಬರಬೇಕು. 8 ಎಂಬಿ ಚಿಪ್ ಆದರೆ ಫೈಲ್ ಸರಿಯಾಗಿ 83,88,608 ಬೈಟ್ ಇರಬೇಕು. ಹ್ಯಾಶ್ ಬೇರೆ ಬೇರೆ ಬಂದರೆ ಕ್ಲಿಪ್ ಸರಿಯಾಗಿ ಕಚ್ಚಿಲ್ಲ ಅಂತ ಅರ್ಥ. ನನಗೆ ಒಮ್ಮೆ ಐದನೇ ಸಲಕ್ಕೆ ಹೊಂದಿತು. ಬೇಸರ ಮಾಡಿಕೊಳ್ಳದೆ ಹೊಂದುವವರೆಗೂ ಓದಿ, ಯಾಕೆಂದರೆ ಕೆಟ್ಟ ಬ್ಯಾಕಪ್ ಇದೆ ಅನ್ನುವುದು ಬ್ಯಾಕಪ್ ಇಲ್ಲದ್ದಕ್ಕಿಂತ ಅಪಾಯ. ಸುಮ್ನೆ ಧೈರ್ಯ ಕೊಟ್ಟು ಕೊನೆಗೆ ಕೈ ಕೊಡುತ್ತದೆ. ಕ್ಲಿಪ್ ಹಾಕಿರುವಾಗ ಕಂಪ್ಯೂಟರ್ ಅನ್ನು ಯಾವ ಕಾರಣಕ್ಕೂ ಆನ್ ಮಾಡಬೇಡಿ.

ಪ್ರೋಗ್ರಾಮರ್ ಇಲ್ಲದವರು ಇಂಟೆಲ್‌ನ ಫ್ಲ್ಯಾಶ್ ಪ್ರೋಗ್ರಾಮಿಂಗ್ ಟೂಲ್, ಅಂದರೆ ಎಫ್‌ಪಿಟಿ ಬಳಸಿ ವಿಂಡೋಸ್‌ನಿಂದಲೇ ಬಯಾಸ್ ಭಾಗವನ್ನು ಓದಿ ಉಳಿಸಬಹುದು. ಬೋರ್ಡ್‌ನ ಮ್ಯಾನೇಜ್‌ಮೆಂಟ್ ಎಂಜಿನ್ (ಚಿಪ್‌ಸೆಟ್ ಒಳಗಿನ ಇಂಟೆಲ್‌ನ ಪುಟ್ಟ ನಿಯಂತ್ರಕ) ಆವೃತ್ತಿಗೆ ಹೊಂದುವ ಎಫ್‌ಪಿಟಿ ಬೇಕು. 7 ಸರಣಿಗೆ 8, 8 ಸರಣಿಗೆ 9.

ಫೈಲನ್ನು ಆ ಕಂಪ್ಯೂಟರಿನಲ್ಲೇ ಇಡಬೇಡಿ. ಪೆನ್‌ಡ್ರೈವ್‌ನಲ್ಲಿ ಒಂದು, ಬೇರೆ ಎಲ್ಲಾದರೂ ಇನ್ನೊಂದು.

ಮಾಡ್ ಮಾಡುವುದು

ಬೇಕಾದವು ಮೂರು: ಮೂಲ ಬಯಾಸ್ ಫೈಲ್, ಯುಇಎಫ್‌ಐ ಟೂಲ್ (ಬಯಾಸ್ ಫೈಲ್ ತೆರೆದು ತಿದ್ದುವ ಪ್ರೋಗ್ರಾಂ), ಎನ್‌ವಿಎಂಇ ಡ್ರೈವರ್ ಮಾಡ್ಯೂಲ್.

ಯಾವ ಫೈಲನ್ನು ತಿದ್ದಬೇಕು ಎಂಬುದು ನೀವು ಹೇಗೆ ಬರೆಯುತ್ತೀರಿ ಎಂಬುದರ ಮೇಲಿದೆ. ಫ್ಲ್ಯಾಶ್‌ಬ್ಯಾಕ್ ಅಥವಾ ಬಯಾಸ್ ಒಳಗಿನ ಅಪ್‌ಡೇಟ್ ಸೌಲಭ್ಯದಿಂದ ಬರೆಯುವುದಾದರೆ ತಯಾರಕರ ಕೊನೆಯ ಫೈಲನ್ನು ತಿದ್ದಿ. ಪ್ರೋಗ್ರಾಮರ್ ಅಥವಾ ಎಫ್‌ಪಿಟಿಯಿಂದ ಬರೆಯುವುದಾದರೆ ಅದೇ ದಾರಿಯಲ್ಲಿ ನೀವು ಓದಿಕೊಂಡ ಸ್ವಂತ ಬ್ಯಾಕಪ್‌ನ ಒಂದು ಪ್ರತಿಯನ್ನು ತಿದ್ದಿ. ಆಗ ಮ್ಯಾಕ್ ವಿಳಾಸ, ಸೀರಿಯಲ್ ಎಲ್ಲ ತಾನಾಗಿ ಉಳಿಯುತ್ತವೆ. ಏಸುಸ್‌ನ ಪುಟದಿಂದ ಇಳಿಸುವ ಕ್ಯಾಪ್ ಎಂಬ ಬಗೆಯ ಬಯಾಸ್ ಫೈಲ್‌ನಲ್ಲಿ ಮುಂದೆ 2,048 ಬೈಟ್‌ಗಳ ತಲೆಭಾಗ ಇರುತ್ತದೆ. ಅದು ಅಪ್‌ಡೇಟ್ ಸೌಲಭ್ಯಕ್ಕೆ ಬೇಕು, ಚಿಪ್‌ಗೆ ನೇರ ಬರೆಯುವಾಗ ಇರಬಾರದು. ಇವೆರಡನ್ನು ಬೆರೆಸಿಕೊಂಡು ಬೋರ್ಡ್ ಕಪ್ಪು ಮಾಡಿಕೊಂಡವರು ಬಹಳ.

ಯುಇಎಫ್‌ಐ ಟೂಲ್‌ನಲ್ಲಿ ಎರಡು ಬಗೆ ಇವೆ. 0.28 ವರೆಗಿನ ಹಳೆ ಎಂಜಿನ್‌ನ ಆವೃತ್ತಿಗಳು ತಿದ್ದಬಲ್ಲವು. ಎನ್‌ಇ ಎಂಬ ಹೊಸ ಎಂಜಿನ್‌ನದು ಚೆನ್ನಾಗಿ ಓದುತ್ತದೆ, ಆದರೆ ತಿದ್ದುವುದಿಲ್ಲ. ನಿಮಗೆ ಬೇಕಾದದ್ದು ಹಳೆಯದು.

ಡ್ರೈವರ್ ವಿಷಯದಲ್ಲಿ ಹಿಂದೆ ತಲೆನೋವಿತ್ತು. 9 ಸರಣಿಯ ಬೋರ್ಡ್‌ನ ಬಯಾಸ್‌ನಿಂದ ಹಲವು ಮಾಡ್ಯೂಲ್‌ಗಳನ್ನು ಕಿತ್ತು ತಂದು ಸೇರಿಸಬೇಕಿತ್ತು. ಈಗ ಎನ್‌ವಿಎಂ ಎಕ್ಸ್‌ಪ್ರೆಸ್ ಡಿಎಕ್ಸ್‌ಇ ಎಂಬ ಒಂದೇ ಎಫ್‌ಎಫ್‌ಎಸ್ (ಬಯಾಸ್ ಮಾಡ್ಯೂಲ್‌ನ ಫೈಲ್ ಬಗೆ) ಫೈಲ್ ಸಾಕು. ಇದರ ಮೂಲ ಕೋಡ್ ತೆರೆದ ಯುಇಎಫ್‌ಐ ಯೋಜನೆಯದು, ಅದಕ್ಕೇ ಯಾವುದೇ ಒಂದು ಬ್ರಾಂಡ್‌ಗೆ ಅಂಟಿಕೊಂಡಿಲ್ಲ. ಇದರದೇ ಚಿಕ್ಕ ಗಾತ್ರದ ಮಾದರಿಯೂ ಇದೆ, ಬಯಾಸ್‌ನಲ್ಲಿ ಜಾಗ ಕಡಿಮೆ ಇರುವವರಿಗೆ.

ಈಗ ಕೆಲಸ ಶುರು.

1. ಯುಇಎಫ್‌ಐ ಟೂಲ್‌ನಲ್ಲಿ ಬಯಾಸ್ ಫೈಲ್ ತೆರೆಯಿರಿ. ಮರದ ಹಾಗೆ ಕವಲೊಡೆದ ಪಟ್ಟಿ ಕಾಣುತ್ತದೆ.

2. ಹುಡುಕುವ ಕಿಟಕಿ ತೆರೆದು ಟೆಕ್ಸ್ಟ್ ಎಂಬ ಭಾಗದಲ್ಲಿ ಎನ್‌ವಿಎಂಇ ಎಂಬ ಅಕ್ಷರಗಳನ್ನು ಹುಡುಕಿ. ಆ ಹೆಸರಿನ ಡ್ರೈವರ್ ಮೊದಲೇ ಇದ್ದರೆ ನಿಲ್ಲಿ. ಬೆಂಬಲ ಇದೆ ಅಂತಾಯಿತು, ತೊಂದರೆ ಸೆಟ್ಟಿಂಗ್‌ನಲ್ಲಿರಬಹುದು.

3. ಇಲ್ಲದಿದ್ದರೆ ಡಿಎಕ್ಸ್‌ಇ ಕೋರ್ (DxeCore) ಎಂಬುದನ್ನು ಹುಡುಕಿ, ಸಿಕ್ಕ ಫಲಿತಾಂಶದ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಅದು ಇರುವ ವಾಲ್ಯೂಮ್‌ಗೆ (ಮಾಡ್ಯೂಲ್‌ಗಳ ಗುಂಪಿಗೆ) ಕರೆದೊಯ್ಯುತ್ತದೆ. ಡಿಎಕ್ಸ್‌ಇ ಡ್ರೈವರ್‌ಗಳೆಲ್ಲ ಸಾಲಾಗಿ ಇರುವುದು ಅಲ್ಲಿಯೇ.

4. ಆ ಸಾಲಿನ ಕೆಳಗೆ ಇಳಿಯುತ್ತಾ ಹೋಗಿ. ಕೊನೆಯ ಡಿಎಕ್ಸ್‌ಇ ಡ್ರೈವರ್ ಯಾವುದು ಗುರುತಿಸಿ. ಅದರ ಮೇಲೆ ಬಲ ಕ್ಲಿಕ್ ಮಾಡಿ ಇನ್ಸರ್ಟ್ ಆಫ್ಟರ್ ಆರಿಸಿ, ಮಾಡ್ಯೂಲ್ ಫೈಲ್ ತೋರಿಸಿ.

5. ಫೈಲನ್ನು ಹೊಸ ಹೆಸರಿನಲ್ಲಿ ಉಳಿಸಿ. ಉಳಿಸಿದ ಮೇಲೆ ಅದನ್ನು ತೆರೆಯಲಾ ಅಂತ ಕೇಳುತ್ತದೆ, ಹೌದು ಅನ್ನಿ.

ಇಷ್ಟು ಮಾಡಿ ಫ್ಲ್ಯಾಶ್ ಮಾಡಲು ಓಡಬೇಡಿ. ಟೂಲ್‌ನ ಇನ್ನೊಂದು ಕಿಟಕಿಯಲ್ಲಿ ಮೂಲ ಫೈಲನ್ನು ತೆರೆದು ಎರಡನ್ನೂ ಅಕ್ಕಪಕ್ಕ ಇಟ್ಟುಕೊಳ್ಳಿ. ಇಲ್ಲಿ ಹತ್ತು ನಿಮಿಷ ಕೂರುವುದು ಮುಂದಿನ ಇಡೀ ದಿನವನ್ನು ಉಳಿಸುತ್ತದೆ.

ಮೊದಲು ಗಾತ್ರ. ಎರಡೂ ಫೈಲ್‌ಗಳ ಗಾತ್ರ ಒಂದು ಬೈಟ್ ಕೂಡ ವ್ಯತ್ಯಾಸ ಇರಬಾರದು. ಆಮೇಲೆ ಹೊಸ ಮಾಡ್ಯೂಲ್ ನೀವು ಹಾಕಿದ ಜಾಗದಲ್ಲೇ ಇದೆಯಾ ನೋಡಿ. ಆಮೇಲೆ ಪ್ಯಾಡ್ ಫೈಲ್‌ಗಳು. ಇವು ಮಾಡ್ಯೂಲ್‌ಗಳ ನಡುವೆ ಜಾಗ ತುಂಬಲು ಇಟ್ಟವು. ಕೆಲವು ಭಾಗಗಳು ಚಿಪ್‌ನಲ್ಲಿ ನಿಗದಿತ ವಿಳಾಸದಲ್ಲೇ ಇರಬೇಕು, ಅದಕ್ಕಾಗಿ ಈ ತುಂಬುವಿಕೆ. ಮೂಲದಲ್ಲಿ ಇದ್ದ ಪ್ಯಾಡ್ ಫೈಲ್ ಹೊಸದರಲ್ಲಿ ಮಾಯವಾಗಿದ್ದರೆ, ಅಥವಾ ಇಲ್ಲದ ಕಡೆ ಹೊಸದಾಗಿ ಹುಟ್ಟಿದ್ದರೆ ಆ ಫೈಲನ್ನು ಬರೆಯಬೇಡಿ. ಪ್ಯಾಡ್ ಫೈಲ್ ಖಾಲಿ ಅಲ್ಲ, ಒಳಗೆ ಡೇಟಾ ಇದೆ ಅಂತ ಟೂಲ್ ತೋರಿಸಿದರೆ ಇನ್ನೂ ಎಚ್ಚರ. ಅಂಥದ್ದರ ಕೆಳಗೆ ಮಾಡ್ಯೂಲ್ ಸೇರಿಸಬಾರದು, ಮೇಲೆ ಸೇರಿಸಿ.

ಯುಇಎಫ್‌ಐ ಟೂಲ್ ಪ್ಯಾಡ್ ಕೆಡಿಸಿದರೆ ಬಯಾಸ್ ತಯಾರಿಸುವ ಎಎಂಐ ಕಂಪನಿಯ ಎಂಎಂ ಟೂಲ್‌ನಿಂದ ಪ್ರಯತ್ನಿಸಿ. ಈ ಕಾಲದ ಬೋರ್ಡ್‌ಗಳಲ್ಲಿ ಹೆಚ್ಚಿನವು ಎಎಂಐನ ಅಪ್ಟಿಯೋ 4 ಬಯಾಸ್, ಅದಕ್ಕೆ ಎಂಎಂ ಟೂಲ್ 4.50 ಹೊಂದುತ್ತದೆ. ಅಲ್ಲಿ ಸೇರಿಸುವಾಗ ಡಿಎಕ್ಸ್‌ಇ ಡ್ರೈವರ್‌ಗಳು ಯಾವ ವಾಲ್ಯೂಮ್ ಸಂಖ್ಯೆಯಲ್ಲಿವೆಯೋ ಅದನ್ನೇ ಆರಿಸಬೇಕು. ಬಳಸಿದ ಮೇಲೆ ಫಲಿತಾಂಶವನ್ನು ಮತ್ತೆ ಯುಇಎಫ್‌ಐ ಟೂಲ್‌ನಲ್ಲಿ ತೆರೆದು ಇದೇ ಪರೀಕ್ಷೆ ಮಾಡಿ. ಎರಡು ಟೂಲ್‌ಗಳೂ ಒಂದೇ ಫೈಲ್ ಮೇಲೆ ಒಂದೇ ರೀತಿ ವರ್ತಿಸುವುದಿಲ್ಲ.

ಜಾಗ ಸಾಲದು ಅಂತ ದೋಷ ಬಂದರೆ ಚಿಕ್ಕ ಮಾಡ್ಯೂಲ್ ಹಾಕಿ. ಅದೂ ಹಿಡಿಸದಿದ್ದರೆ ಕೆಲವರು ನೆಟ್‌ವರ್ಕ್ ಬೂಟ್‌ನಂಥ ಬಳಸದ ಮಾಡ್ಯೂಲ್ ತೆಗೆದು ಜಾಗ ಮಾಡುತ್ತಾರೆ. ಒಂದು ಮಾಡ್ಯೂಲ್ ಮೇಲೆ ಇನ್ನೊಂದು ಅವಲಂಬಿಸಿರಬಹುದಾದ್ದರಿಂದ, ಪ್ರೋಗ್ರಾಮರ್ ಕೈಯಲ್ಲಿ ಇಲ್ಲದೆ ಅದಕ್ಕೆ ಇಳಿಯಬೇಡಿ.

ಫ್ಲ್ಯಾಶ್ ಮಾಡುವುದು

ಬರೆಯುವ ಮುಂಚೆ ಈಗಿನ ಬಯಾಸ್ ಸೆಟ್ಟಿಂಗ್‌ಗಳ ಫೋಟೋ ತೆಗೆಯಿರಿ. ಮುಖ್ಯವಾಗಿ ಸಾಟಾ ಮೋಡ್. ಅದು ಎಎಚ್‌ಸಿಐ ಇದೆಯಾ, ಐಡಿಇಯಾ, ರೇಡಾ? ಫ್ಲ್ಯಾಶ್ ಆದ ಮೇಲೆ ಎಲ್ಲ ಡೀಫಾಲ್ಟ್‌ಗೆ ಹೋಗಬಹುದು. ಆಗ ಸಾಟಾ ಮೋಡ್ ಬದಲಾಗಿ ಹಳೆ ವಿಂಡೋಸ್ ನೀಲಿ ಪರದೆ ತೋರಿಸುತ್ತದೆ. ಮಾಡ್ ಕೆಟ್ಟಿತು ಅಂತ ಗಾಬರಿಯಾಗುತ್ತೀರಿ, ಕೆಟ್ಟಿರುವುದು ಒಂದು ಸೆಟ್ಟಿಂಗ್ ಮಾತ್ರ. ಓವರ್‌ಕ್ಲಾಕ್ ಇದ್ದರೆ ತೆಗೆದುಹಾಕಿ. ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಬಳಸುವವರು ಅದನ್ನು ತಡೆಹಿಡಿಯಿರಿ, ರಿಕವರಿ ಕೀ ಬರೆದಿಟ್ಟುಕೊಳ್ಳಿ. ಸಾಧ್ಯವಾದರೆ ಯುಪಿಎಸ್‌ಗೆ ಜೋಡಿಸಿ. ಬರೆಯುವ ಮಧ್ಯೆ ಕರೆಂಟ್ ಹೋಗಬಾರದು.

ಏಸುಸ್‌ನಲ್ಲಿ ಫ್ಲ್ಯಾಶ್‌ಬ್ಯಾಕ್ ಇದ್ದರೆ ಬೇರೆ ಯೋಚನೆಯೇ ಬೇಡ. ಬಯಾಸ್ ಒಳಗಿನ ಇಝೆಡ್ ಫ್ಲ್ಯಾಶ್ ತಿದ್ದಿದ ಫೈಲನ್ನು ಸಹಿ ಸರಿಯಿಲ್ಲ ಅಂತ ತಿರಸ್ಕರಿಸುತ್ತದೆ. ಆದರೆ ಆ ಕಾಲದ ಫ್ಲ್ಯಾಶ್‌ಬ್ಯಾಕ್ ಅದನ್ನು ನೋಡುವುದಿಲ್ಲ. ಪೆನ್‌ಡ್ರೈವ್ ಅನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ. ಬೋರ್ಡ್‌ನ ಕೈಪಿಡಿ ಹೇಳುವ ಹೆಸರನ್ನೇ ಫೈಲಿಗೆ ಕೊಡಿ. ಪ್ರತಿ ಬೋರ್ಡಿಗೂ ಹೆಸರು ಬೇರೆ, ಒಂದಕ್ಷರ ತಪ್ಪಿದರೂ ಓದುವುದಿಲ್ಲ. ಕಂಪ್ಯೂಟರ್ ಆಫ್ ಮಾಡಿ, ಪವರ್ ಕೇಬಲ್ ಮಾತ್ರ ಹಾಗೇ ಇರಲಿ. ಗುರುತು ಮಾಡಿದ ಯುಎಸ್‌ಬಿ ಪೋರ್ಟಿಗೆ ಪೆನ್‌ಡ್ರೈವ್ ಹಾಕಿ ಬಟನ್ ಒತ್ತಿ ಹಿಡಿಯಿರಿ. ದೀಪ ಮಿನುಗಲು ಶುರುವಾದ ಮೇಲೆ ಬಿಡಿ. ಅದು ಪೂರ್ತಿ ಆರುವವರೆಗೂ ಏನನ್ನೂ ಮುಟ್ಟಬೇಡಿ. ದೀಪ ಮಿನುಗದೆ ಸುಮ್ಮನೆ ಉರಿಯುತ್ತಾ ನಿಂತರೆ ಫೈಲನ್ನು ಒಪ್ಪಿಲ್ಲ ಅಂತ ಅರ್ಥ. ಏನೂ ಬರೆದಿಲ್ಲ, ಭಯ ಬೇಡ. ಹೆಸರು ಮತ್ತು ಫಾರ್ಮ್ಯಾಟ್ ಮತ್ತೆ ನೋಡಿ.

ಗಿಗಾಬೈಟ್‌ನ ಕ್ಯೂ-ಫ್ಲ್ಯಾಶ್ ಮತ್ತು ಎಂಎಸ್‌ಐನ ಎಂ-ಫ್ಲ್ಯಾಶ್ ಹಳೆ ಬೋರ್ಡ್‌ಗಳಲ್ಲಿ ತಿದ್ದಿದ ಫೈಲನ್ನು ಹಲವು ಸಲ ಒಪ್ಪುತ್ತವೆ. ಒಪ್ಪದಿದ್ದರೆ ಅವು ಸಾಮಾನ್ಯವಾಗಿ ಬರೆಯುವ ಮುಂಚೆಯೇ ನಿಲ್ಲುತ್ತವೆ, ಆದ್ದರಿಂದ ರಿಕವರಿ ದಾರಿ ಇಟ್ಟುಕೊಂಡು ಪ್ರಯತ್ನಿಸಬಹುದು.

ಎಫ್‌ಪಿಟಿಯಿಂದ ಬರೆಯುವಾಗ ಕೆಲವು ಬೋರ್ಡ್‌ಗಳಲ್ಲಿ 280 ಸಂಖ್ಯೆಯ ದೋಷ ಬರುತ್ತದೆ. ಬಯಾಸ್ ತನ್ನ ಜಾಗಕ್ಕೆ ಬೀಗ ಹಾಕಿಕೊಂಡಿದೆ ಅಂತ ಅದರ ಅರ್ಥ. ಬೀಗ ಒಡೆಯುವ ಹಲವು ತಂತ್ರಗಳು ಇವೆ. ಬಯಾಸ್ ಪರೀಕ್ಷೆಗಳನ್ನೆಲ್ಲ ದಾಟಿಸಿ ಬಲವಂತವಾಗಿ ಬರೆಸುವ ಎಎಫ್‌ಯು ಟೂಲ್‌ನ ಆಯ್ಕೆಯೂ ಇದೆ. ನಾನು ಯಾರಿಗೂ ಅದನ್ನು ಹೇಳುವುದಿಲ್ಲ. ಚೆಕ್ ಮಾಡುವುದನ್ನೇ ನಿಲ್ಲಿಸಿ ಬರೆಯುವ ಬದಲು ಪ್ರೋಗ್ರಾಮರ್‌ನಿಂದ ಬರೆಯುವುದು ಸಾವಿರ ಪಾಲು ಮೇಲು.

ಪ್ರೋಗ್ರಾಮರ್‌ನಿಂದ ಬರೆಯುವ ಕ್ರಮ ಓದುವ ಕ್ರಮದಂತೆಯೇ. ಗುರುತು ಓದಿಸಿ, ಚಿಪ್ ಅಳಿಸಿ, ಖಾಲಿಯಾಗಿದೆಯೇ ನೋಡಿ, ಬರೆಯಿರಿ, ವೆರಿಫೈ ಮಾಡಿ. ಕೊನೆಯ ಹೆಜ್ಜೆ ಬಿಡಬೇಡಿ. ಬರೆದದ್ದನ್ನು ಓದಿ ಮತ್ತೆ ಹ್ಯಾಶ್ ಹೋಲಿಸಿದರೆ ಇನ್ನೂ ಒಳ್ಳೆಯದು. ವೆರಿಫೈ ಸೋತರೆ ಕ್ಲಿಪ್ ಸರಿಮಾಡಿ ಮತ್ತೆ ಬರೆಯಿರಿ. ಸರಿಯಾಗುವವರೆಗೂ ಬೋರ್ಡಿಗೆ ಕರೆಂಟ್ ಕೊಡಬೇಡಿ.

ಮೊದಲ ಸಲ ಆನ್ ಮಾಡಿದಾಗ

ಮೊದಲ ಬೂಟ್ ನಿಧಾನ ಇರಬಹುದು. ಯಂತ್ರ ತಾನಾಗಿ ಒಂದೆರಡು ಸಲ ಆಫ್ ಆಗಿ ಆನ್ ಆಗುವುದೂ ಉಂಟು. ಒಂದು ನಿಮಿಷ ಕಾಯಿರಿ.

ಬಯಾಸ್ ತೆರೆದು ಡೀಫಾಲ್ಟ್ ಲೋಡ್ ಮಾಡಿ, ಫೋಟೋ ನೋಡಿಕೊಂಡು ಸಾಟಾ ಮೋಡ್ ಸರಿ ಮಾಡಿ. ನಂತರ ಸಿಎಸ್‌ಎಂ ಎಂಬುದನ್ನು ಹುಡುಕಿ. ಅದು ಹಳೆ ಶೈಲಿಯ ಬೂಟ್‌ಗಾಗಿ ಇರುವ ಸೌಲಭ್ಯ. ಎನ್‌ವಿಎಂಇಗೆ ಯುಇಎಫ್‌ಐ ಬೂಟೇ ಆಗಬೇಕು. ಆದ್ದರಿಂದ ಸಿಎಸ್‌ಎಂ ಆಫ್ ಮಾಡಿ. ಗ್ರಾಫಿಕ್ಸ್ ಕಾರ್ಡ್ ತುಂಬಾ ಹಳೆಯದಾದರೆ ಸಿಎಸ್‌ಎಂ ಆಫ್ ಮಾಡಿದ ಕೂಡಲೇ ಪರದೆ ಬರದೇ ಹೋಗಬಹುದು, ಅದರಲ್ಲಿ ಯುಇಎಫ್‌ಐ ಬೆಂಬಲ ಇರುವುದಿಲ್ಲ. ಆಗ ಕ್ಲಿಯರ್ ಸಿಮಾಸ್ ಮಾಡಿ (ಬಯಾಸ್ ಸೆಟ್ಟಿಂಗ್‌ಗಳನ್ನು ಅಳಿಸಿ), ಸಿಎಸ್‌ಎಂ ಆನ್ ಇಟ್ಟು, ಅದರ ಒಳಗಿನ ಸ್ಟೋರೇಜ್ ಆಯ್ಕೆಯನ್ನು ಮಾತ್ರ ಯುಇಎಫ್‌ಐಗೆ ಬದಲಿಸಿ. ಸೆಕ್ಯೂರ್ ಬೂಟ್ ಸದ್ಯಕ್ಕೆ ಆಫ್ ಇರಲಿ.

ಈಗ ಬೂಟ್ ಪಟ್ಟಿ ನೋಡಿ. ಡ್ರೈವ್‌ನ ಹೆಸರು ಹುಡುಕಬೇಡಿ, ಹಲವು ಬೋರ್ಡ್‌ಗಳಲ್ಲಿ ಅದು ಬರುವುದೇ ಇಲ್ಲ. ಬದಲಿಗೆ ಪಾಟಾ ಎಂಬ ಹೊಸ ಸಾಲು ಕಾಣುತ್ತದೆ. ಪಾಟಾ ಅಂದರೆ ಹಳೆ ಕಾಲದ ಅಗಲ ಕೇಬಲ್‌ನ ಡಿಸ್ಕ್, ಅಂಥದ್ದು ನಿಮ್ಮಲ್ಲಿ ಇಲ್ಲ. ಬಯಾಸ್‌ಗೆ ಈ ಹೊಸ ಡ್ರೈವಿಗೆ ಇಡಲು ಬೇರೆ ಹೆಸರು ಗೊತ್ತಿಲ್ಲ, ಅಷ್ಟೇ. ಆ ಸಾಲು ಕಂಡಿತಾ? ನಿಮ್ಮ ಮಾಡ್ ಗೆದ್ದಿದೆ. ನನ್ನ ಪರದೆ ಮೇಲೆ ಮೊದಲ ಸಲ ಅದು ಮೂಡಿದಾಗ ಆದ ಖುಷಿ ಇವತ್ತಿಗೂ ನೆನಪಿದೆ.

ಅದು ಕಾಣದಿದ್ದರೂ ಒಮ್ಮೆ ವಿಂಡೋಸ್ ಹಾಕಿ ನೋಡಿ. ಕೆಲವು ಬೋರ್ಡ್‌ಗಳಲ್ಲಿ ಇನ್‌ಸ್ಟಾಲ್ ಆದ ಮೇಲಷ್ಟೇ ವಿಂಡೋಸ್ ಬೂಟ್ ಮ್ಯಾನೇಜರ್ ಎಂಬ ಸಾಲು ಬರುತ್ತದೆ.

ವಿಂಡೋಸ್ ಹಾಕುವುದು

ಹೊಸದಾಗಿ ಹಾಕುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ರೂಫಸ್ ಎಂಬ ಪ್ರೋಗ್ರಾಂನಲ್ಲಿ ಪೆನ್‌ಡ್ರೈವ್ ತಯಾರಿಸುವಾಗ ಜಿಪಿಟಿ (ಪಾರ್ಟಿಶನ್ ಬಗೆ) ಮತ್ತು ಯುಇಎಫ್‌ಐ ಆರಿಸಿ. ಉಳಿದ ಎಲ್ಲ ಸಾಟಾ ಡಿಸ್ಕ್‌ಗಳ ಕೇಬಲ್ ಬಿಚ್ಚಿ. ಇಲ್ಲದಿದ್ದರೆ ವಿಂಡೋಸ್ ತನ್ನ ಬೂಟ್ ಭಾಗವನ್ನು ಹಳೆ ಡಿಸ್ಕ್‌ನಲ್ಲಿ ಬರೆದುಬಿಡುತ್ತದೆ, ಆಮೇಲೆ ಆ ಡಿಸ್ಕ್ ತೆಗೆದ ದಿನ ಬೂಟ್ ನಿಲ್ಲುತ್ತದೆ.

ಬೂಟ್ ಪಟ್ಟಿಯಲ್ಲಿ ಪೆನ್‌ಡ್ರೈವ್ ಎರಡು ಸಲ ಕಾಣಬಹುದು. ಮುಂದೆ ಯುಇಎಫ್‌ಐ ಎಂದಿರುವುದನ್ನೇ ಆರಿಸಿ. ನಾನು ಒಮ್ಮೆ ಇನ್ನೊಂದನ್ನು ಆರಿಸಿ, ಈ ಡಿಸ್ಕ್‌ಗೆ ವಿಂಡೋಸ್ ಹಾಕಲಾಗದು ಎಂಬ ಸಂದೇಶ ನೋಡಿ, ಮಾಡ್‌ನಲ್ಲೇ ತಪ್ಪು ಹುಡುಕುತ್ತಾ ಒಂದು ಸಂಜೆ ಕಳೆದೆ. ಡ್ರೈವ್‌ನಲ್ಲಿನ ಪಾರ್ಟಿಶನ್‌ಗಳನ್ನೆಲ್ಲ ಅಳಿಸಿ ಖಾಲಿ ಜಾಗಕ್ಕೇ ಇನ್‌ಸ್ಟಾಲ್ ಮಾಡಿ. ರೀಸ್ಟಾರ್ಟ್ ಆದ ಮೇಲೆ ವಿಂಡೋಸ್ ಬೂಟ್ ಮ್ಯಾನೇಜರ್ ಮೊದಲ ಸ್ಥಾನದಲ್ಲಿರಲಿ.

ವಿಂಡೋಸ್ 8.1 ಮತ್ತು 10ರಲ್ಲಿ ಎನ್‌ವಿಎಂಇ ಡ್ರೈವರ್ ಒಳಗೇ ಇದೆ. ವಿಂಡೋಸ್ 7ರಲ್ಲಿ ಇಲ್ಲ, ಇನ್‌ಸ್ಟಾಲ್ ಫೈಲ್‌ಗಳಿಗೆ ಬೇರೆಯಾಗಿ ಸೇರಿಸಬೇಕು. ಲಿನಕ್ಸ್ ಕರ್ನಲ್‌ನಲ್ಲಿ 3.3ರಿಂದಲೇ ಇದೆ.

ಮಾಡ್ ಬೇಡ ಅನ್ನುವವರಿಗೆ

ಬಯಾಸ್ ಮುಟ್ಟದೆಯೂ ದಾರಿಗಳಿವೆ. ಲಿನಕ್ಸ್ ಬಳಸುವವರಿಗೆ ತೀರಾ ಸುಲಭ. ಬೂಟ್ ಪಾರ್ಟಿಶನ್ ಮಾತ್ರ ಒಂದು ಸಾಟಾ ಡಿಸ್ಕ್ ಅಥವಾ ಪೆನ್‌ಡ್ರೈವ್‌ನಲ್ಲಿ ಇಡಿ, ಉಳಿದ ಇಡೀ ವ್ಯವಸ್ಥೆ ಎನ್‌ವಿಎಂಇಯಲ್ಲಿ ಇರಲಿ. ಕರ್ನಲ್ ಎದ್ದ ಮೇಲೆ ಎಲ್ಲ ಅಲ್ಲಿಂದಲೇ ಓಡುತ್ತದೆ. ವೇಗದಲ್ಲಿ ಏನೂ ಕಡಿಮೆ ಆಗುವುದಿಲ್ಲ.

ವಿಂಡೋಸ್‌ನವರಿಗೆ ಕ್ಲೋವರ್ ಇದೆ. ಅದೊಂದು ಬೂಟ್ ಪ್ರೋಗ್ರಾಂ. ಪೆನ್‌ಡ್ರೈವ್‌ನಲ್ಲಿ ಹಾಕಿ, ಅದರ ಡ್ರೈವರ್ ಫೋಲ್ಡರ್‌ನಲ್ಲಿ ಎನ್‌ವಿಎಂಇಯ ಇಎಫ್‌ಐ ಡ್ರೈವರ್ ಇಟ್ಟರೆ, ಬಯಾಸ್ ಮಾಡಬೇಕಾದ ಕೆಲಸವನ್ನು ಅದು ಮಾಡಿ ವಿಂಡೋಸ್ ಎಬ್ಬಿಸುತ್ತದೆ. ಅವಾರ್ಡ್‌ನಂಥ ಹಳೆ ಬಯಾಸ್‌ನಲ್ಲೂ ನಡೆಯುತ್ತದೆ. ಪೆನ್‌ಡ್ರೈವ್ ಸದಾ ಚುಚ್ಚಿರಬೇಕು ಎಂಬುದೊಂದೇ ಕೊರತೆ. ಬೋರ್ಡ್ ಒಳಗಿನ ಯುಎಸ್‌ಬಿ ಪಿನ್‌ಗಳಿಗೆ ಪುಟ್ಟ ಅಡಾಪ್ಟರ್ ಹಾಕಿ ಕ್ಯಾಬಿನೆಟ್ ಒಳಗೇ ಅಡಗಿಸಿಡಬಹುದು. ರಿಕವರಿ ದಾರಿ ಇಲ್ಲದ ಬೋರ್ಡ್ ನಿಮ್ಮದಾದರೆ ನಾನು ಇದನ್ನೇ ಹೇಳುತ್ತೇನೆ, ಹಿಂಜರಿಕೆ ಇಲ್ಲದೆ.

ಇನ್ನೊಂದು ಅಪರೂಪದ ದಾರಿ. ಸ್ಯಾಮ್‌ಸಂಗ್ 950 ಪ್ರೊ ಎಂಬ 2015ರ ಡ್ರೈವ್‌ನಲ್ಲಿ ಬೂಟ್‌ಗೆ ಬೇಕಾದ ಆಪ್ಶನ್ ರಾಮ್ (ಬಯಾಸ್ ಓಡಿಸುವ ಪುಟ್ಟ ಡ್ರೈವರ್) ಡ್ರೈವ್ ಒಳಗೇ ಇದೆ. ಹಾಗಾಗಿ ಬಯಾಸ್‌ಗೆ ಎನ್‌ವಿಎಂಇ ಗೊತ್ತಿಲ್ಲದಿದ್ದರೂ ಹಲವು ಹಳೆ ಬೋರ್ಡ್‌ಗಳಲ್ಲಿ ಅದು ಬೂಟ್ ಆಗುತ್ತದೆ. ಈಗ ಸಿಕ್ಕರೆ ಬಳಸಿದ್ದೇ ಸಿಗಬಹುದು, ಆರೋಗ್ಯ ನೋಡಿ ಕೊಳ್ಳಿ.

ಮಾಡ್ ಮಾಡಿದವರಿಗೆ ಇನ್ನು ಒಂದೇ ಮಾತು ಬಾಕಿ. ಮುಂದೆ ಎಂದಾದರೂ ತಯಾರಕರ ಬಯಾಸ್ ಅಪ್‌ಡೇಟ್ ಹಾಕಿದರೆ ನೀವು ಸೇರಿಸಿದ ಮಾಡ್ಯೂಲ್ ಅಳಿಸಿಹೋಗಿ ಬೂಟ್ ನಿಲ್ಲುತ್ತದೆ. ಆಗ ಹೊಸ ಫೈಲಿಗೆ ಮತ್ತೆ ಸೇರಿಸಬೇಕು. ಹಾಗಾಗಿ ಮೂಲ ಬ್ಯಾಕಪ್, ಮಾಡ್ ಮಾಡಿದ ಫೈಲ್, ಮಾಡ್ಯೂಲ್, ಬಳಸಿದ ಟೂಲ್‌ನ ಆವೃತ್ತಿ ನಾಲ್ಕನ್ನೂ ಒಂದೇ ಫೋಲ್ಡರ್‌ನಲ್ಲಿ ಹಾಕಿ, ಬೋರ್ಡ್‌ನ ಹೆಸರು ಮತ್ತು ಬಯಾಸ್ ಸಂಖ್ಯೆ ಬರೆದಿಡಿ.